ಒರಟು ಬೆಳ್ಳಿಯಿಂದ ಒಪ್ಪವಾದ ಬೆಳ್ಳಿಗೆ

ಅಣುವಿಗೆ ತಗುಲಿದ ಬೆಳಕಿನ ಒಂದು ಸಣ್ಣ ಪಾಲು ಬಣ್ಣ ಬದಲಿಸಿ ಚದುರುತ್ತದೆ ಎಂದು ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರಲ್ಲಿ ಕಲ್ಕತ್ತೆಯಲ್ಲಿ ತೋರಿಸಿದರು. ಆ ಬದಲಾವಣೆ ಒಂದೊಂದು ಬಗೆಯ ಅಣುವಿಗೂ ಬೇರೆಬೇರೆ, ಹಾಗಾಗಿ ಅದನ್ನು ನೋಡಿ ಅಣುವಿನ ಗುರುತು ಹೇಳಬಹುದು. ತೊಡಕೆಂದರೆ, ಸುಮಾರು ಒಂದು ಕೋಟಿ ಫೋಟಾನುಗಳಲ್ಲಿ ಒಂದು ಮಾತ್ರ ಹೀಗೆ ಚದುರುತ್ತದೆ; ಹಣ್ಣಿನ ಸಿಪ್ಪೆಗೆ ಅಂಟಿದ ತುಸುವೇ ಕೀಟನಾಶಕವನ್ನು ಹಿಡಿಯಲು ಅದು ಸಾಲದು. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫ್ಲೈಶ್‌ಮನ್, ಹೆಂಡ್ರಾ, ಮೆಕ್‌ವಿಲನ್ ಬೆಳ್ಳಿಯ ವಿದ್ಯುದ್ವಾರವನ್ನು ಒರಟಾಗಿಸಿದಾಗ ಅದಕ್ಕೆ ಅಂಟಿದ ಪಿರಿಡೀನ್ ಅಣುಗಳ ಸಂಕೇತ ಅಚ್ಚರಿಪಡುವಷ್ಟು ಪ್ರಬಲವಾಗಿ ಬಂತು. ಮೇಲ್ಮೈಯ ವಿಸ್ತೀರ್ಣ ಹೆಚ್ಚಿದ್ದೇ ಕಾರಣ ಎಂಬ ವಿವರಣೆ ನಿಲ್ಲಲಿಲ್ಲ. ಸಂಕೇತ ಲಕ್ಷದಿಂದ ಹತ್ತು ಲಕ್ಷ ಪಟ್ಟು ಹಿಗ್ಗಿದೆ, ಅದು ಲೋಹದ್ದೇ ಕೊಡುಗೆ ಎಂದು 1977ರಲ್ಲಿ ಎರಡು ತಂಡಗಳು ತೋರಿಸಿದವು.

ಬೆಳಕು ಬಿದ್ದಾಗ ನ್ಯಾನೊ ಗಾತ್ರದ ಬೆಳ್ಳಿ, ಚಿನ್ನಗಳ ಎಲೆಕ್ಟ್ರಾನುಗಳು ಒಟ್ಟಾಗಿ ತೂಗುತ್ತವೆ. ಎರಡು ಕಣಗಳ ನಡುವಿನ ಒಂದೆರಡು ನ್ಯಾನೊಮೀಟರ್ ಸಂದಿನಲ್ಲಿ ವಿದ್ಯುತ್ ಕ್ಷೇತ್ರ ದಟ್ಟೈಸುತ್ತದೆ. ಕ್ಷೇತ್ರ ಹತ್ತು ಪಟ್ಟಾದರೆ ಸಂಕೇತ ಸುಮಾರು ಹತ್ತು ಸಾವಿರ ಪಟ್ಟು. ಸಂದು ತುಸು ಹಿಗ್ಗಿದರೂ ಲೆಕ್ಕವೆಲ್ಲ ತಲೆಕೆಳಗು. ಆದ್ದರಿಂದ ಈ ವಿದ್ಯೆಯ ನಿಜವಾದ ಕಸುಬು ಬೆಳಕಿನದಲ್ಲ, ಮೇಲ್ಮೈ ತಯಾರಿಕೆಯದು. ಬೆಳ್ಳಿ ನೈಟ್ರೇಟನ್ನು ಸಿಟ್ರೇಟಿನೊಡನೆ ಕುದಿಸಿದರೆ ಕಣಗಳು ಸಿಗುತ್ತವೆ, ಆದರೆ ಅವುಗಳ ಗಾತ್ರ, ಆಕಾರ ಒಂದೇ ಸಮನಾಗಿರುವುದಿಲ್ಲ. ಅಮೆರಿಕದಲ್ಲಿ ವ್ಯಾನ್ ಡೈನ್ ತಂಡ ಬೆಳೆಸಿದ ದಾರಿ ನನಗೆ ಹೆಚ್ಚು ಮೆಚ್ಚುಗೆ: ಗಾಜಿನ ಮೇಲೆ ಪಾಲಿಸ್ಟೈರೀನಿನ ಅತಿಸಣ್ಣ ಗೋಲಿಗಳು ಜೇನುಗೂಡಿನ ಕೋಣೆಗಳಂತೆ ತಾವಾಗಿಯೇ ಒತ್ತಾಗಿ ಕೂರುತ್ತವೆ, ನಿರ್ವಾತದಲ್ಲಿ ಬೆಳ್ಳಿಯ ಆವಿ ಹಾಯಿಸಿ ಗೋಲಿಗಳನ್ನು ತೆಗೆದರೆ ಸಾಲುಸಾಲು ತ್ರಿಕೋನಗಳು ಉಳಿಯುತ್ತವೆ.

1997ರಲ್ಲಿ ಒಂಟಿ ಅಣುವಿನ ಸಂಕೇತವನ್ನು ಹಿಡಿದದ್ದು ಕುದಿಸಿ ಪಡೆದ ಓರಣವಿಲ್ಲದ ಕಣಗಳಲ್ಲೇ ಅಲ್ಲವೇ ಎಂದು ಕೇಳಬಹುದು. ನಿಜ, ಆದರೆ ಅಷ್ಟು ಪ್ರಬಲ ತಾಣಗಳು ಅಪರೂಪ, ಎಲ್ಲಿವೆಯೆಂದು ಮೊದಲೇ ಹೇಳಲಾಗದು. ಆಹಾರ ಪರೀಕ್ಷೆಗೆ ಬೇಕಾದದ್ದು ಒಮ್ಮೆ ಸಿಕ್ಕ ದಾಖಲೆಯಲ್ಲ, ಎಲ್ಲಿ ಅಳೆದರೂ ಬರುವ ಒಂದೇ ಉತ್ತರ. ನಿರ್ವಾತ ಯಂತ್ರ ದುಬಾರಿ, ಬೆಳ್ಳಿ ಬೇಗ ಕಪ್ಪಾಗುತ್ತದೆ ಎಂಬ ಆಕ್ಷೇಪಗಳಿಗೆ ತೂಕವಿದೆ. ಚಿನ್ನದ ಕಣ ಲೇಪಿಸಿದ ಕಾಗದ ಅಗ್ಗ, ಬಾಳಿಕೆಯೂ ಹೆಚ್ಚು. ವಿಷ ಇದೆಯೋ ಇಲ್ಲವೋ ಎಂಬ ಮೊದಲ ಜರಡಿಗೆ ಅದು ಸಾಕು. ಎಷ್ಟಿದೆ ಎಂದು ಹೇಳಬೇಕಾದಲ್ಲಿ ಮಾತ್ರ ಓರಣದ ಮೇಲ್ಮೈಗೆ ಖರ್ಚು ಮಾಡಲೇಬೇಕು. ಎಷ್ಟು ಕೋಟಿ ಪಟ್ಟು ಹಿಗ್ಗಿಸಿದೆವು ಎಂದು ಸಾರುವ ಸಂಶೋಧಕರು, ಅದೇ ಮೇಲ್ಮೈಯ ಜಾಗದಿಂದ ಜಾಗಕ್ಕೆ ಅಳತೆ ಎಷ್ಟು ಏರುಪೇರಾಯಿತು ಎಂಬುದನ್ನೂ ಜೊತೆಯಲ್ಲೇ ಪ್ರಕಟಿಸಬೇಕು.