ಕೇಪಿನ ತಗಡು

ಮಲೆನಾಡಿನವರು ಕೋವಿಗಳಲ್ಲಿ ಎರಡು ಜಾತಿ ಹೇಳುತ್ತಾರೆ: ಕೇಪಿನ ಕೋವಿ, ತೋಟಾ ಕೋವಿ. ಮೊದಲನೆಯದಕ್ಕೆ ಮದ್ದು, ಚರೆಗಳನ್ನು ನಳಿಗೆಯ ಬಾಯಿಂದ ಜಡಿದು, ಹಿಂಬದಿಯಲ್ಲಿ ತಾಮ್ರದ ಪುಟ್ಟ ಕೇಪನ್ನು ಟೋಪಿಯ ಹಾಗೆ ತೊಡಿಸಬೇಕು. ಹಾಗಾದರೆ ತೋಟಾ ಕೋವಿಗೆ ಕೇಪೇ ಬೇಡವೇ? ಬೇಕು. ಅದು ತೋಟಾದ ಬುಡದೊಳಗೇ ಅಡಗಿ ಕುಳಿತಿದೆ, ಪ್ರೈಮರ್ ಎಂಬ ಹೆಸರಿನಲ್ಲಿ.

ಪೆಟ್ಟಿನಿಂದ ಬೆಂಕಿ ಹುಟ್ಟಿಸುವ ಈ ಉಪಾಯಕ್ಕೆ 1807ರಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಫೋರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಚಕಮಕಿ ಕೋವಿಯ ಕಿಡಿ ಕಂಡೊಡನೆ, ಗುಂಡು ಹೊರಡುವ ಮೊದಲೇ ಹಕ್ಕಿಗಳು ಪಾರಾಗುತ್ತಿದ್ದವು. ಪಾದ್ರಿಗೆ ಅದೇ ತಲೆನೋವು.

ದೀಪಾವಳಿಯ ಕೇಪನ್ನು ಹಾಸುಗಲ್ಲಿನ ಮೇಲಿಟ್ಟು ಕುಟ್ಟಿದವರಿಗೆ ಇದರ ಒಳಗುಟ್ಟು ಗೊತ್ತು. ಮೇಲಿನ ಪೆಟ್ಟಿನಷ್ಟೇ ಅಡಿಯ ಗಟ್ಟಿ ಕಲ್ಲೂ ಮುಖ್ಯ. ಪ್ರೈಮರಿನಲ್ಲಿ ಬಟ್ಟಲಿನಂಥ ತಗಡು, ಅದರೊಳಗೆ ಸಿಡಿಯುವ ಚಿಟಿಕೆ ಮಿಶ್ರಣ, ಎದುರಿಗೆ ಅಡಿಗಲ್ಲಿನ ಕೆಲಸ ಮಾಡುವ ಪುಟ್ಟ ತುಂಡು. ಕೋವಿಯ ಪಿನ್ನು ತಗಡನ್ನು ತಗ್ಗಿಸಿದಾಗ ಮಿಶ್ರಣ ಎರಡರ ನಡುವೆ ಸಿಕ್ಕಿ ಜಜ್ಜಿಹೋಗಿ ಸಿಡಿಯುತ್ತದೆ. ಜ್ವಾಲೆ ಸಣ್ಣ ತೂತಿನಿಂದ ಮದ್ದಿಗೆ ತಾಗುತ್ತದೆ.

ಅಮೆರಿಕದಲ್ಲಿ ಖಾಲಿ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬುವ ಹವ್ಯಾಸಿಗಳು ಬಹಳ. (ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.) 2020ರ ಕೊರೊನಾ ಕಾಲದಲ್ಲಿ ಅಲ್ಲಿ ಪ್ರೈಮರಿಗೆ ಬರ ಬಂದಾಗ ಹಳೆಯ ಪ್ರಶ್ನೆ ಮತ್ತೆ ಎದ್ದಿತು: ಪಿಸ್ತೂಲಿನದು ಸಿಗದಿದ್ದರೆ ರೈಫಲಿನದನ್ನು ಹಾಕಬಹುದೇ?

ಸಣ್ಣ ಗಾತ್ರದವು ಎರಡೂ 0.175 ಇಂಚು ಅಗಲ, ಎತ್ತರವೂ ಒಂದೇ. ಗೂಡಿನಲ್ಲಿ ಸಲೀಸಾಗಿ ಕೂರುತ್ತವೆ. ವ್ಯತ್ಯಾಸವಿರುವುದು ಕಣ್ಣಿಗೆ ಕಾಣದ ತಗಡಿನ ದಪ್ಪದಲ್ಲಿ. ಪಿಸ್ತೂಲಿನದು ಸುಮಾರು 0.017 ಇಂಚು, ರೈಫಲಿನದು 0.020ರಿಂದ 0.025.

ಯಾಕೆ? ಕಾರಿನ ಚಕ್ರಕ್ಕೆ ಗಾಳಿ ತುಂಬುವಾಗ 32 ಅನ್ನುತ್ತೇವಲ್ಲ, ಅದೇ ಮಾಪನದಲ್ಲಿ .38 ಸ್ಪೆಷಲ್ ರಿವಾಲ್ವರಿನ ತೋಟಾದ ಒತ್ತಡದ ಮಿತಿ 17,000, 9 ಮಿ.ಮೀ. ಪಿಸ್ತೂಲಿಗೆ 35,000; .223 ರೈಫಲಿಗೆ 55,000. ರೈಫಲಿನೊಳಗೆ ತೆಳು ತಗಡು ಹಾಕಿದರೆ ಅದು ತೂತಾಗಿ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಹಾಗಾಗಿ ಆ ಕಡೆಯ ಅದಲುಬದಲು ಬೇಡವೇ ಬೇಡ.

ಈ ಕಡೆಯದು, ಅಂದರೆ ಪಿಸ್ತೂಲಿಗೆ ರೈಫಲಿನದನ್ನು ಹಾಕುವುದು, ಅಷ್ಟು ಭಯಾನಕವಲ್ಲ, ಆದರೆ ಕಿರಿಕಿರಿಯದು. ದಪ್ಪ ತಗಡನ್ನು ತಗ್ಗಿಸಲು ಪಿಸ್ತೂಲಿನ ಸ್ಪ್ರಿಂಗಿಗೆ ಕಸುವು ಸಾಲದೆ ಹೋಗಬಹುದು. ಗುರಿಗಾರಿಕೆಗೆಂದು ಸ್ಪ್ರಿಂಗನ್ನು ಸಡಿಲಿಸಿದ ರಿವಾಲ್ವರುಗಳಲ್ಲಿ ಇದು ಹೆಚ್ಚು: 'ಟಿಕ್' ಎನ್ನುತ್ತದೆ, ಅಷ್ಟೇ. ಸಿಡಿದರೂ, ಕಿಡಿಯ ಬಿರುಸು ಬೇರೆಯಾದರೆ ಒತ್ತಡವೂ ಬದಲಾಗುತ್ತದೆ. ಅದಕ್ಕೇ ಬಲ್ಲವರು ಮದ್ದಿನ ಪ್ರಮಾಣವನ್ನು ಇಳಿಸಿ, ಮೊದಲಿನಿಂದ ಪರೀಕ್ಷಿಸುತ್ತಾರೆ. ಇದಕ್ಕೆ ಅಪವಾದವೂ ಉಂಟು. .454 ಕಸುಲ್ ಎಂಬ ರಿವಾಲ್ವರ್ ತೋಟಾದ ಒತ್ತಡ 65,000ದವರೆಗೆ ಏರುತ್ತದೆ. ಅದನ್ನು ರೂಪಿಸಿದ್ದೇ ಸಣ್ಣ ರೈಫಲ್ ಪ್ರೈಮರಿಗೆ.

ದೊಡ್ಡ ಗಾತ್ರದ್ದು ಮಾತ್ರ ಬೇರೆಯೇ ಕಥೆ. ಅಗಲ ಎರಡಕ್ಕೂ 0.210 ಇಂಚು, ಆದರೆ ರೈಫಲಿನದು ಸುಮಾರು 0.008 ಇಂಚು ಹೆಚ್ಚು ಎತ್ತರ. ಪಿಸ್ತೂಲ್ ತೋಟಾದ ಗೂಡಿನಲ್ಲಿ ಕೂರಿಸಿದರೆ ಬುಡದಿಂದ ಹೊರಕ್ಕೆ ಉಬ್ಬಿ ನಿಲ್ಲುತ್ತದೆ. ರಿವಾಲ್ವರಿನ ಉರುಳೆ ತಿರುಗದೆ ಕಚ್ಚಿಕೊಳ್ಳಬಹುದು. ತಾನಾಗಿ ತುಂಬಿಕೊಳ್ಳುವ ಪಿಸ್ತೂಲಿನಲ್ಲಾದರೆ, ನಳಿಗೆಯ ಹಿಂಬದಿ ಮುಚ್ಚುವ ಬಾಗಿಲು ಬಡಿದ ರಭಸಕ್ಕೇ, ಬೆರಳು ಸೋಕುವ ಮೊದಲೇ ಗುಂಡು ಹಾರಲೂಬಹುದು. ಎರಡು ಮೂರು ಕೂದಲುಗಳಷ್ಟು ದಪ್ಪದ ಈ ಉಬ್ಬನ್ನು ಕಣ್ಣು ನಂಬಿ ಹುಡುಕುವಂತಿಲ್ಲ. ಅನುಭವಸ್ಥರು ತುಂಬಿಸಿದ ಪ್ರತಿ ತೋಟಾದ ಬುಡದ ಮೇಲೂ ಬೆರಳ ತುದಿ ಆಡಿಸಿ ನೋಡಿಯೇ ಡಬ್ಬಿಗೆ ಹಾಕುತ್ತಾರೆ.