ಮೇಕಪ್ ಕಳಚಿದ ಹೀರೋ!

ಮೇಕಪ್ ಇಲ್ಲದ ಹೀರೋನನ್ನು ನೋಡಬೇಕೆ? ಬೆಂಗಳೂರಿನ ಬಸ್ಸು ಹತ್ತಬೇಡಿ. ನಿಮ್ಮ ಮನೆ ಅಟ್ಟದ ಮೇಲೆ ನೋಡಿ. ಅಜ್ಜನ ಕಾಲದ ಡೊಳ್ಳು ಬಿದ್ದಿರಬಹುದು!

ಸಾಗರ್ ಪುರಾಣಿಕ್ ನಿರ್ದೇಶನದ 'ಡೊಳ್ಳು' ನೆನಪಿದೆಯಲ್ಲ? ಕಾರ್ತಿಕ್ ಮಹೇಶ್ ನಾಯಕ. 2022ರಲ್ಲಿ ಪ್ರಕಟವಾದ 68ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರದ ಪಟ್ಟ ಅದಕ್ಕೇ. ಗೆಳೆಯರೆಲ್ಲ ದುಡಿಯಲು ಪಟ್ಟಣ ಸೇರಿದರೆ ಊರ ಡೊಳ್ಳು ಬಾರಿಸೋರು ಯಾರು? ಇದೇ ಅದರ ಕಥೆ. ಅಗಡಿ, ಹಾವೇರಿ, ಬ್ಯಾಡಗಿ ಕಡೆಯ ಹುಡುಗರಿಗೆ ಇದು ಬರೀ ಸಿನಿಮಾ ಅಲ್ಲ ಬಿಡಿ!

ಈ ಸಲ ಬೀರಪ್ಪನ ಜಾತ್ರೆಗೆ ಅಜ್ಜನ ಡೊಳ್ಳೇ ಬಾರಿಸಬೇಕು ಅಂತ ಮನಸ್ಸಾಯಿತು ಅನ್ನಿ. ಎಲ್ಲರೂ ಮಾಡೋ ಮೊದಲ ತಪ್ಪು, ಪೇಂಟ್ ಡಬ್ಬಿ ತರೋದು! ಬಣ್ಣದ ಮೇಲೆ ಬಣ್ಣ ಬಳಿದರೆ ಬಿರುಕು ಮುಚ್ಚುತ್ತದೆ, ಮಾಯುವುದಿಲ್ಲ.

ಒಂದು ಕಡೆ ಆಡಿನ ಚರ್ಮ, ಇನ್ನೊಂದು ಕಡೆ ಕುರಿಯ ಚರ್ಮ ಕಟ್ಟುವುದು ವಾಡಿಕೆ. ಅದನ್ನು ಬಿಚ್ಚುವ ಕೆಲಸ ಬಲ್ಲವರಿಗೇ ಬಿಡಿ. ಉಳಿದದ್ದು ಕಟ್ಟಿಗೆ. ನೀರಲ್ಲಿ ನೆನೆಸಬೇಡಿ, ಬಿಸಿಲಿಗೂ ಇಡಬೇಡಿ, ಸೀಳುತ್ತದೆ. ಹಳೇ ಪೇಂಟನ್ನು ಒದ್ದೆ ಮಾಡಿಕೊಂಡು ನಿಧಾನ ಕೆರೆಯಿರಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಮೂಗಿಗೆ ಮಾಸ್ಕ್ ಇರಲಿ, ಮಕ್ಕಳು ದೂರವಿರಲಿ. ನೆರಳಲ್ಲಿ ಒಣಗಿದ ಮೇಲೆ ಸಣ್ಣ ಬಿರುಕಿಗೆ ಕಟ್ಟಿಗೆಯ ಹೊಟ್ಟು, ಅಂಟು ಕಲಸಿ ತುಂಬಿ. ಆಮೇಲೆ ಕಟ್ಟಿಗೆಯ ಎಳೆ ಹಿಡಿದು ನಯವಾದ ಸ್ಯಾಂಡ್‌ಪೇಪರ್ ತಿಕ್ಕಿ. ಹತ್ತರಿ ಹೊಡೆಯಲೇಬೇಡಿ! ಗೋಡೆ ತೆಳುವಾದರೆ ದನಿಯೇ ಬದಲಾದೀತು. ಚರ್ಮ ಕೂರುವ ಅಂಚನ್ನಂತೂ ಮುಟ್ಟಬೇಡಿ.

ಕೊನೆಗೆ ಅಗಸಿ ಎಣ್ಣೆ. ನಮ್ಮ ಹೊಲದ್ದೇ ಬೆಳೆ! ಗಾಳಿ ತಾಗಿ ತಾನೇ ಗಟ್ಟಿಯಾಗುವ ಗುಣ ಇದಕ್ಕಿದೆ. ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ, ಹೆಚ್ಚಾದದ್ದು ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೊಂದು ಕೈ. ಆದರೆ ಎಚ್ಚರ ತಮ್ಮಂದಿರಾ! ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಕಡ್ಡಿ ಗೀರದೆಯೂ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ಅಂಚಿನ ಬಳಿ ಕೋಲು ತಾಗಿದ ಗುರುತುಗಳು ಕಂಡಾವು. ಅವನ್ನು ಅಳಿಸಬೇಡಿ. ಅಜ್ಜ ಎಷ್ಟು ರಾತ್ರಿ ನಿದ್ದೆಗೆಟ್ಟು ಬಾರಿಸಿದ್ದ ಅನ್ನೋ ಲೆಕ್ಕ ಅಲ್ಲೇ ಇದೆ. ಮಿರಮಿರ ಮಿಂಚುವ ಡೊಳ್ಳು ಹೋಟೆಲ್ಲಿನ ಷೋಪೀಸ್ ಆದೀತು. ಗಾಯದ ಗುರುತಿರುವ ಡೊಳ್ಳು ಜಾತ್ರೆಗೆ ಹೋಗುತ್ತದೆ.

ಈಗ ಹೇಳಿ, ಹೆಗಲು ಕೊಡೋರು ಯಾರು?