ಬಾವಿಗೂಡಿನ ಇಂಜಿನ್

ಕೋಲಾರ ತಾಲ್ಲೂಕಿನ ನರಸಾಪುರ ಕೆರೆಯ ಕೆಳಗಿನ ತೋಟ. ಹೆದ್ದಾರಿಯ ಲಾರಿಗಳ ಸದ್ದು ಇಲ್ಲಿಗೂ ಕೇಳುತ್ತದೆ. ಹಳೇ ತೆರೆದ ಬಾವಿಯ ಗೋಡೆಯಲ್ಲಿ, ದಡದಿಂದ ನಾಲ್ಕಾಳು ಆಳಕ್ಕೆ, ಬಂಡೆ ಕೊರೆದು ಮಾಡಿದ ಗೂಡು. ಒಳಗೆ ಐದು ಎಚ್‌.ಪಿ. ಡೀಸೆಲ್ ಇಂಜಿನ್, ಎರಡು ಫ್ಲೈವೀಲ್ ಸೇರಿ ಮುನ್ನೂರು ಕೆ.ಜಿ.ಗೆ ಕಡಿಮೆಯಿಲ್ಲ. ನೀರು ಗೂಡಿನ ಅಂಚಿಗೆ ಮೊಳದಷ್ಟೇ ಕೆಳಗಿದೆ. ಇನ್ನೊಂದು ಜೋರು ಮಳೆ ಬಂದರೆ ಇಂಜಿನ್ ಮುಳುಗುತ್ತದೆ, ಅದಕ್ಕೇ ಈ ಗಡಿಬಿಡಿ.

ಅಷ್ಟು ಭಾರದ್ದನ್ನು ಅಲ್ಲಿಗೆ ಇಳಿಸಿದ್ದಾದರೂ ಯಾಕೆ? ದಡದ ಮೇಲಿನ ಪಂಪಿಗೆ ನೀರನ್ನು ತಳ್ಳಿಕೊಡುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದರ ಮಿತಿ 10 ಮೀಟರ್ ಚಿಲ್ಲರೆ. 800 ಮೀಟರಿಗೂ ಎತ್ತರದ ಕೋಲಾರದಲ್ಲಿ ಇನ್ನೂ ಕಡಿಮೆ. ಕೆಲಸಕ್ಕೆ ಬರುವುದು ಇಪ್ಪತ್ತು ಅಡಿ ಆಸುಪಾಸು. ನೀರು ಇನ್ನೂ ಕೆಳಗೆ ಹೋಯಿತೋ, ಪಂಪು ಇಳಿಯಬೇಕು, ಬೆಲ್ಟಿನ ಹಿಂದೆ ಇಂಜಿನ್ನೂ ಇಳಿಯಬೇಕು. ಹೊಗೆಗೆ ಉದ್ದನೆಯ ಪೈಪು ಬೇರೆ. ಇಲ್ಲದಿದ್ದರೆ ಇಳಿದವನು ಉಸಿರುಕಟ್ಟಿ ಸಾಯುತ್ತಾನೆ. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೋಗಿ ಇಂಜಿನ್ ಬಂತು, ಇಂಜಿನ್ ಗೂಡು ಸೇರಿತು, ಆಮೇಲೆ ಬಾವಿಯೇ ಒಣಗಿ ಬೋರ್‌ವೆಲ್ ಸಾವಿರ ಅಡಿ ದಾಟಿತು. ಮಾಲೂರಿನಿಂದ ಮುಳಬಾಗಿಲಿನವರೆಗೂ ಇದೇ ಕಥೆ.

ಎತ್ತಲು ಬಂದ ನಾಲ್ವರದು ಬೋರ್ ಮೋಟಾರ್ ಎತ್ತುವ ಕಸುಬು. ಜೆಸಿಬಿ ತರಿಸೋಣ ಎಂದ ತೋಟದವರ ಮಗನಿಗೆ ಮೇಸ್ತ್ರಿ ಗದರಿದರು: "ದಡ ಕುಸಿದ್ರೆ ಇಂಜಿನ್ ಜೊತೆ ಜೆಸಿಬೀನೂ ಎತ್ಬೇಕಾಯ್ತದೆ ಕಣಪ್ಪ!" ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆ, ಅವರ ಮಾತೇ ಸರಿ. ಬಾವಿಯ ಮೂಲೆಗೆ ಅಡ್ಡಲಾಗಿ ಎರಡು ಕಬ್ಬಿಣದ ತೊಲೆ ಹಾಕಿ ಚೈನ್ ಪುಲ್ಲಿ ನೇತುಹಾಕಿದರು.

ಕಷ್ಟ ಇದ್ದದ್ದು ಗೂಡಿನಲ್ಲಿ. ಸುತ್ತಿಗೆ ಬೀಸಲೂ ಜಾಗವಿಲ್ಲ. ಫ್ಲೈವೀಲಿನ ಕೀ ತುಕ್ಕು ಹಿಡಿದು ಶಾಫ್ಟಿಗೇ ಕಚ್ಚಿಕೊಂಡಿತ್ತು. ಡೀಸೆಲ್ ಸುರಿದು, ಕಾದು, ಆಪಿನಿಂದ ಮೀಟಿದ ಮೇಲೆ ಕೂದಲೆಳೆಯಷ್ಟು ಕದಲಿತು. ಗಾಲಿಗಳೆರಡೂ ಕಳಚಿದ ಮೇಲೆ ಟ್ಯಾಂಕು, ಹೆಡ್ಡು. ಬುಡದ ಬೋಲ್ಟು ಮಾತ್ರ ಜಗ್ಗಲಿಲ್ಲ, ಗರಗಸವೇ ಬೇಕಾಯಿತು. ಉಳಿದ ಒಡಲನ್ನು ಗ್ರೀಸ್ ಸವರಿದ ಹಲಗೆಯ ಮೇಲೆ ಬೆರಳು ಬೆರಳೇ ಜಾರಿಸಿದರು. ಅಂಚು ದಾಟಿ ತೂಗುವ ಗಳಿಗೆಯೇ ಅಪಾಯದ್ದು: ಹಿಂದಿನಿಂದ ಕಟ್ಟಿದ ಹಗ್ಗವನ್ನು ಇಬ್ಬರು ಮೆಲ್ಲಗೆ ಸಡಿಲಿಸದಿದ್ದರೆ ಅದು ಜೋಲಿ ಹೊಡೆದು ಎದುರುಗೋಡೆಗೆ ಅಪ್ಪಳಿಸುತ್ತದೆ.

ಬಾವಿಗೆ ನೀರು ಮರಳಿದ್ದರಲ್ಲಿ ಒಳ್ಳೆಯ ಮಳೆಯ ಜೊತೆ ಬೆಂಗಳೂರಿನ ಪಾಲೂ ಇದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು, ಕೆರೆಯಿಂದ ಕೆರೆಗೆ ಹರಿಯಿತು. ಎರಡೇ ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಬೇಕು ಎಂಬ ಇಲ್ಲಿನವರ ಒತ್ತಾಯ ನನಗೆ ನ್ಯಾಯವಾಗಿಯೇ ಕಾಣುತ್ತದೆ. ತೋಟದವರು ಈ ನೀರನ್ನು ಟೊಮೆಟೊಗೆ ಬಿಡುತ್ತಾರೆ, ಕುಡಿಯುವುದಿಲ್ಲ.

ಒಡಲು ಟ್ರ್ಯಾಕ್ಟರ್ ಏರಿ ಗುಜರಿಗೆ ಹೊರಟಿತು. ಮೇಸ್ತ್ರಿಗೆ ಊಟಕ್ಕೂ ಪುರುಸೊತ್ತಿಲ್ಲ. ಶ್ರೀನಿವಾಸಪುರದ ಮಾವಿನ ತೋಟವೊಂದರಿಂದ ಫೋನ್ ಬಂದಿದೆ, ಅಲ್ಲಿ ಸಾವಿರದ ಇನ್ನೂರು ಅಡಿಯಲ್ಲಿ ಮೋಟಾರ್ ಸುಟ್ಟಿದೆಯಂತೆ.